ಧಾರೆಗೆ ಒಂಬತ್ತು ಪಾಯಿಂಟ್ ಎಂಟು

ಔರೇನಿಯ ದೇಶದ ಮೂಲನಿವಾಸಿಗಳೆಂದರೆ ಪೆಂಗ್ವಿನ್‌ಗಳು ಮಾತ್ರ. ಉಳಿದವರೆಲ್ಲ ತಮ್ಮ ತಮ್ಮ ಊರು ಮುಳುಗಿಯೋ ಒಣಗಿಯೋ ಹೋದ ಮೇಲೆ ಹಡಗು ಹತ್ತಿ ಬಂದವರು. ದಕ್ಷಿಣದ ಹಿಮ ಕರಗಿದಾಗ ಹೊರಬಿದ್ದ ಆ ನೆಲದಲ್ಲಿ ಈಗ ನೂರ ಅರವತ್ತಮೂರು ಸಮುದಾಯಗಳಿವೆ. ಒಬ್ಬರ ಹಬ್ಬ ಇನ್ನೊಬ್ಬರಿಗೆ ಗದ್ದಲ, ಒಬ್ಬರ ಊಟ ಇನ್ನೊಬ್ಬರಿಗೆ ವಾಸನೆ. ಆದರೂ ಎಪ್ಪತ್ತು ವರ್ಷಗಳಿಂದ ಅಲ್ಲಿ ಒಂದು ಕಲ್ಲೂ ತೂರಿ ಬಂದಿಲ್ಲ. ಅದಕ್ಕೆ ಕಾರಣ ಸಹನೆಯಲ್ಲ, ಒಂದು ಯಂತ್ರ.

ದೇಶ ಕಟ್ಟಿದವರು ಸಂವಿಧಾನದ ಮೊದಲ ಪುಟದಲ್ಲಿ ಎರಡು ವಾಕ್ಯ ಬರೆದರು. ಯಾವ ಸಮುದಾಯದ ಮೂಲಾಚಾರಕ್ಕೂ ಸರ್ಕಾರ ಕೈಹಾಕತಕ್ಕದ್ದಲ್ಲ ಎಂಬುದು ಒಂದು. ಯಾವ ಮನುಷ್ಯರ ಮೇಲೂ ಯಾವ ಆಚಾರವನ್ನೂ ಹೇರತಕ್ಕದ್ದಲ್ಲ ಎಂಬುದು ಇನ್ನೊಂದು. ಎರಡೂ ಒಳ್ಳೆಯ ವಾಕ್ಯಗಳೇ. ಇಬ್ಬರು ಒಳ್ಳೆಯವರು ಒಂದೇ ಅಡುಗೆಮನೆಯಲ್ಲಿ ಸಿಕ್ಕಿಬಿದ್ದ ಹಾಗೆ ಅವು ಅಂದಿನಿಂದ ಇಕ್ಕಟ್ಟಾಗಿ ಬದುಕುತ್ತಿವೆ.

ಮೂಲಾಚಾರ ಯಾವುದು, ಬರೀ ಅಭ್ಯಾಸ ಯಾವುದು ಎಂದು ತಿಳಿಯುವುದು ಹೇಗೆ? ಕೇಳಿದರೆ ಜನ ತಮಗೆ ಬೇಕಾದ್ದನ್ನು ಹೇಳುತ್ತಾರೆ. ಸೋಮವಾರ ಕೆಲಸ ಮಾಡದಿರುವುದು ನಮ್ಮ ಪೂರ್ವಿಕರ ಆಚಾರ ಎಂದು ಒಂದು ಸಮುದಾಯ ಅರ್ಜಿ ಹಾಕಿತ್ತು. ಆಗ ಬಂದದ್ದು ಬಿಗಿಮಾಪಕ. ತಲೆಗೆ ಒಂದು ಟೋಪಿ, ಎದೆಗೆ ಒಂದು ಪಟ್ಟಿ. ಸಮುದಾಯದ ಹಿರಿಯರೊಬ್ಬರನ್ನು ಚೀಟಿ ಎತ್ತಿ ಆರಿಸಿ ಕೂರಿಸುತ್ತಾರೆ. ಆಚಾರ ಮುರಿಯುವ ದೃಶ್ಯಗಳನ್ನು ಒಂದೊಂದಾಗಿ ತೋರಿಸುತ್ತಾರೆ. ನೋಡಿದವರು ಯೋಚಿಸುವ ಮೊದಲೇ ಒಳಗೆ ಏನೋ ಬಿಗಿಯುತ್ತದಲ್ಲ, ಅದನ್ನು ಯಂತ್ರ ಸೊನ್ನೆಯಿಂದ ಹತ್ತರವರೆಗೆ ಅಳೆಯುತ್ತದೆ. ಎಂಟು ದಾಟಿದರೆ ಮೂಲಾಚಾರ. ಅದನ್ನು ಕಾಯುವುದು ಸರ್ಕಾರದ ಹೊಣೆ. ಎಂಟರೊಳಗಿದ್ದರೆ ಹೇಗೆ ಬೇಕಾದರೂ ಬದಲಿಸಿಕೊಳ್ಳಿ, ನಿಮ್ಮಿಷ್ಟ.

ಕನ್ನಡಿಗರ ಚೀಟಿ ಎದ್ದದ್ದು ನಾಗಮಂಗಲದ ಕಡೆಯಿಂದ ಬಂದ ಪಂಪು ರಿಪೇರಿಯ ಚೆಲುವರಾಜು ಹೆಸರಿಗೆ. ಆಗ ಅವರಿಗೆ ನಲವತ್ತನಾಲ್ಕು. ಹಿರಿಯರೆನ್ನುವ ವಯಸ್ಸಲ್ಲ, ಆದರೆ ಬಂದವರಲ್ಲಿ ಅವರಿಗಿಂತ ದೊಡ್ಡವರು ಹಡಗಿನ ಪ್ರಯಾಣದಿಂದ ಇನ್ನೂ ಸುಧಾರಿಸಿಕೊಂಡಿರಲಿಲ್ಲ. ಮುನ್ನೂರ ಹನ್ನೆರಡು ದೃಶ್ಯ ನೋಡಿ ಎದ್ದರು. ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನುವ ದೃಶ್ಯಕ್ಕೆ ಎಂಟು ಪಾಯಿಂಟ್ ನಾಲ್ಕು ಬಂತು. ಹಾಗಾಗಿ ಔರೇನಿಯದ ವಿಮಾನ ನಿಲ್ದಾಣದಲ್ಲಿ ಇಂದಿಗೂ ಕನ್ನಡದ ಪ್ರಕಟಣೆ ‘ವಿಮಾನವು ಹೋಗಿಬರುತ್ತದೆ’ ಎಂದೇ ಇದೆ, ವಿಮಾನ ವಾಪಸು ಬರುವುದಿಲ್ಲವೆಂದು ಗೊತ್ತಿದ್ದರೂ. ಪಟ್ಟಿಯಲ್ಲೆಲ್ಲ ಅತಿ ಹೆಚ್ಚು ಬಂದದ್ದು ವಿಧವೆಯೊಬ್ಬಳು ಮಗಳ ಮದುವೆಯಲ್ಲಿ ಧಾರೆ ಎರೆಯುವ ದೃಶ್ಯಕ್ಕೆ. ಒಂಬತ್ತು ಪಾಯಿಂಟ್ ಒಂದು.

ನಲವತ್ತು ವರ್ಷ ಕಳೆಯಿತು. ಮಕ್ಕಳು ಹುಟ್ಟಿದರು, ಮೊಮ್ಮಕ್ಕಳು ಹುಟ್ಟಿದರು, ವಿಧವೆಯರು ಹಿಂದೆ ನಿಲ್ಲಬೇಕೆಂಬುದನ್ನು ಕನ್ನಡಿಗರು ಮರೆತೇಬಿಟ್ಟರು. ಸರ್ಕಾರ ಮಾತ್ರ ಮರೆಯಲಿಲ್ಲ.

*

ಹರಿಣಾಕ್ಷಿ ಬಂದರಿನ ಶೀತಲಗೃಹದಲ್ಲಿ ಪಾಳಿಯ ಮೇಲ್ವಿಚಾರಕಿ. ಗಂಡ ಒಂಬತ್ತು ವರ್ಷದ ಹಿಂದೆ ಕ್ರೇನು ಮುರಿದು ಬಿದ್ದು ತೀರಿಕೊಂಡ. ಮನೆಯಲ್ಲಿ ಈಗ ಮೂವರು: ಅವಳು, ಮಗಳು ಇಂಚರ, ಮಾವ. ಆ ಮಾವನೇ ಚೆಲುವರಾಜು.

ಇಂಚರ ಮತ್ತು ಚಿರಂತ್ ಮದುವೆಯ ಅರ್ಜಿಯಲ್ಲಿ ‘ಧಾರೆ ಎರೆಯುವವರು’ ಎಂಬ ಖಾನೆಗೆ ತನ್ನ ಹೆಸರು ಬರೆದಾಗ ಅದು ಕೆಂಪಾಯಿತು. ಎರಡನೇ ಸಲ ಬರೆದಾಗಲೂ ಕೆಂಪಾಯಿತು. ಅವಳು ಅರ್ಧ ದಿನ ರಜೆ ಹಾಕಿ ಸಮತೋಲನ ಭವನಕ್ಕೆ ಹೋದಳು. ಅಲ್ಲಿ ಕನ್ನಡ ವಿಭಾಗದಲ್ಲಿ ಪ್ರದ್ಯುಮ್ನನೆಂಬ ಅಧಿಕಾರಿ ಒಬ್ಬನೇ ಕೂತಿರುತ್ತಾನೆ. ಅಜ್ಜನ ಊರು ಅರಸೀಕೆರೆ. ಇವನು ಅದನ್ನು ನಕ್ಷೆಯಲ್ಲಿ ಮಾತ್ರ ನೋಡಿದ್ದಾನೆ.

“ಇದು ಮೂಲಾಚಾರ ಅಮ್ಮ. ತಂತ್ರಾಂಶ ಬಿಡಲ್ಲ,” ಎಂದ.

“ಯಾರ ಆಚಾರ ಸರ್? ನಮ್ಮ ಬೀಗರಿಗೆ ಕೇಳ್ದೆ, ನೀವೇ ಎರೀಬೇಕು ಅಂದ್ರು. ಪುರೋಹಿತರಿಗೆ ಕೇಳ್ದೆ, ಅವರಿಗೆ ಇಂಥದ್ದೊಂದು ಇತ್ತು ಅನ್ನೋದೇ ಗೊತ್ತಿಲ್ಲ. ಬೇಡ ಅಂತಿರೋರು ನೀವೊಬ್ರೇ.”

“ನಾನಲ್ಲಮ್ಮ, ದಾಖಲೆ. ನಿಮ್ಮ ಮೇಲೆ ಇದನ್ನ ಯಾರಾದ್ರೂ ಹೇರ್ತಿದ್ದಾರೆ ಅಂತ ದೂರು ಕೊಟ್ರೆ ಆಚಾರ ನಿಮ್ಮ ಮಟ್ಟಿಗೆ ಅಮಾನತಾಗತ್ತೆ. ನೀವು ಧಾರಾಳವಾಗಿ ಎರೀಬಹುದು.”

“ಯಾರೂ ಹೇರ್ತಿಲ್ವಲ್ಲ.”

“ಹಾಗಾದ್ರೆ ನೀವು ಒಪ್ಪಿಕೊಂಡು ಪಾಲಿಸ್ತಿದ್ದೀರಿ ಅಂತ ಆಗತ್ತೆ.”

“ಪಾಲಿಸ್ತಾನೂ ಇಲ್ಲ ಸರ್. ನನಗೆ ಎರೀಬೇಕು ಅಷ್ಟೆ. ಅವಳಿಗೆ ಹನ್ನೆರಡು ವರ್ಷ ಇದ್ದಾಗಿಂದ ತಂದೆ-ತಾಯಿ ಎರಡೂ ಆಗಿ ಸಾಕಿದ್ದೀನಿ. ಆ ಕೈಯಲ್ಲೇ ಕೊಡ್ತೀನಿ. ಇದರಲ್ಲಿ ದೂರೇನು ಬಂತು?”

ಪ್ರದ್ಯುಮ್ನ ಪರದೆಯನ್ನು ಅವಳ ಕಡೆ ತಿರುಗಿಸಿದ. ಅದರಲ್ಲಿ ಎರಡೇ ಗುಂಡಿ ಇದ್ದವು. ‘ಪಾಲಿಸುತ್ತೇನೆ’, ‘ದೂರುತ್ತೇನೆ’. ಹರಿಣಾಕ್ಷಿ ಮೂರನೆಯದು ಎಲ್ಲಾದರೂ ಕೆಳಗಿದೆಯೇ ಎಂದು ಬೆರಳಿನಿಂದ ಸರಿಸಿ ನೋಡಿದಳು. ಕೆಳಗೆ ಹಕ್ಕುಸ್ವಾಮ್ಯದ ಸಾಲು ಮಾತ್ರ ಇತ್ತು.

“ಇನ್ನೊಂದು ದಾರಿ ಇದೆ,” ಎಂದ ಪ್ರದ್ಯುಮ್ನ, ಅವಳ ಮುಖ ನೋಡಲಾರದೆ. “ಮೊದಲು ಅಳತೆ ಕೊಟ್ಟವರು ಬದುಕಿದ್ರೆ ಮರು-ಅಳತೆ ಮಾಡಿಸಬಹುದು. ಎಂಟಕ್ಕಿಂತ ಕಡಿಮೆ ಬಂದ್ರೆ ಆಚಾರನೇ ಪಟ್ಟಿಯಿಂದ ಹೋಗತ್ತೆ. ಆದ್ರೆ ಅವರು ಬದುಕಿರಬೇಕಲ್ಲ.”

“ಬದುಕಿದ್ದಾರೆ,” ಎಂದಳು ಹರಿಣಾಕ್ಷಿ. “ಬೆಳಿಗ್ಗೆ ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಅಂತಿದ್ರು.”

*

“ಅಷ್ಟೇ ತಾನೆ? ಬುಡವ್ವ, ನಾನೇ ಬಂದು ಹೇಳ್ತೀನಿ,” ಎಂದರು ಚೆಲುವರಾಜು ಆ ಸಂಜೆ, ಟೀವಿಯ ಸದ್ದು ಕಡಿಮೆ ಮಾಡಿ. “ನೀನು ಎರೆಯಕ್ಕೆ ನಂದೇನು ತಕರಾರೈತೆ? ಆ ಮಿಶನ್ನಿಗೆ ಯಾವತ್ತೋ ಏನೋ ತಪ್ಪು ಕಂಡಿರ್ಬೇಕು.”

“ಮಾತಾಡಿದ್ರೆ ಕೇಳಲ್ವಂತೆ ಮಾವ. ಒಳಗಿಂದನೇ ಕಮ್ಮಿ ಆಗಿರ್ಬೇಕಂತೆ.”

“ಒಳಗೂ ಇಲ್ಲ ಕಣವ್ವ. ಸೊನ್ನೆ ಬತ್ತದೆ ನೋಡ್ತಿರು.”

“ತಾತ, ಹೋದ್ಸಲ ಶುಗರ್ ಟೆಸ್ಟಿಗೂ ಹೀಗೇ ಹೇಳಿದ್ರಿ,” ಎಂದಳು ಇಂಚರ.

“ಅದು ರಕ್ತ. ಇದು ಮನಸ್ಸು. ಮನಸ್ಸು ನನ್ನ ಮಾತು ಕೇಳ್ತದೆ.”

ಮೂವರೂ ನಕ್ಕರು. ಮದುವೆಗೆ ಇನ್ನು ಹದಿನೆಂಟು ದಿನವಿತ್ತು.

*

ಅಳತೆಯ ಕೋಣೆ ಹಲ್ಲಿನ ಡಾಕ್ಟರ ಕೋಣೆಯ ಹಾಗೆ ಇರುತ್ತದೆ. ಕುರ್ಚಿ ಹಿಂದಕ್ಕೆ ವಾಲುತ್ತದೆ, ಬೆಳಕು ಮುಖದ ಮೇಲೆ ಬೀಳುತ್ತದೆ. ಎಂಬತ್ತನಾಲ್ಕರ ಚೆಲುವರಾಜು ಇಸ್ತ್ರಿ ಮಾಡಿದ ಪಂಚೆ ಉಟ್ಟು ಬಂದಿದ್ದರು. ಟೋಪಿ ಹಾಕಿಸಿಕೊಂಡು, ಗಾಜಿನಾಚೆ ಇದ್ದ ಪ್ರದ್ಯುಮ್ನನಿಗೆ ಕೈ ಬೀಸಿದರು.

ಪರದೆಯ ಮೇಲೆ ಚಪ್ಪರ ಮೂಡಿತು. ಬಿಳಿ ಸೀರೆಯ ಹೆಂಗಸೊಬ್ಬಳು ಚೊಂಬು ಹಿಡಿದು ಮುಂದೆ ಬಂದಳು. ಬಗ್ಗಿದಳು. ಹಾಲು ವಧೂವರರ ಕೈಯ ತೆಂಗಿನಕಾಯಿಯ ಮೇಲೆ ಬಿತ್ತು.

ಸೂಚಿ ಒಂಬತ್ತು ಪಾಯಿಂಟ್ ಎಂಟಕ್ಕೆ ಹೋಗಿ ನಿಂತಿತು.

ಪ್ರದ್ಯುಮ್ನ ಯಂತ್ರ ಕೆಟ್ಟಿರಬೇಕೆಂದುಕೊಂಡು ಮತ್ತೊಮ್ಮೆ ಮಾಡಿಸಿದ. ಒಂಬತ್ತು ಪಾಯಿಂಟ್ ಎಂಟು. ಒಳಗೆ ಹೋಗಿ ಎದೆಯ ಪಟ್ಟಿ ಬಿಚ್ಚುವಾಗ ನೋಡಿದರೆ ಮುದುಕರ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿದಿತ್ತು.

“ಎಷ್ಟು ಬಂತಪ್ಪ?”

ಹೇಳಿದ.

ಮುದುಕರು ಎದ್ದು ಕೂತರು. ಆಮೇಲೆ, “ನಮ್ಮ ತಂಗಿ ಮದುವೇಲಿ,” ಎಂದು ಶುರುಮಾಡಿದರು, “ನಮ್ಮಪ್ಪ ಸತ್ತು ಮೂರು ವರ್ಷ ಆಗಿತ್ತು. ಧಾರೆ ಹೊತ್ತಿಗೆ ನಮ್ಮವ್ವ ಚೊಂಬು ಹಿಡ್ಕಂಡು ಬಂದ್ಬುಟ್ಳು. ಅವ್ಳಿಗೆ ಅಷ್ಟು ಆಸೆ. ನಂಗೆ ಇಪ್ಪತ್ತೆರಡು. ಮನೆ ಯಜಮಾನ ಆಗಿದ್ದೆ ನೋಡು, ಹೊಸ ವಾಚು ಬೇರೆ ಕಟ್ಟಿದ್ದೆ. ‘ಅವ್ವ, ಹಿಂದಕ್ಕೆ ನಿಂತ್ಕ, ಜನ ನೋಡ್ತಾವ್ರೆ’ ಅಂದೆ. ಯಾರೂ ನೋಡ್ತಿರ್ಲಿಲ್ಲ ಕಣಪ್ಪ. ಅಡಿಗೆ ಮಾಡೋ ತಾವ್ಕೆ ಹೋಗಿ ನಿಂತ್ಕಂಡ್ಳು. ಊಟದ ಪಂತಿ ಮುಗಿಯೋವರ್ಗೂ ಆ ಚೊಂಬು ಕೈಯಲ್ಲೇ ಇತ್ತು, ಹಾಲು ಸಮೇತ. ಅದ ನೋಡಿದ್ರೆ ಇಲ್ಲಿ ಹಿಂಗೆ ಹಿಡ್ಕತದೆ.” ಎದೆಯ ಮೇಲೆ ಪಟ್ಟಿ ಒತ್ತಿದ್ದ ಕೆಂಪು ಗೆರೆ ತೋರಿಸಿದರು.

ಪ್ರದ್ಯುಮ್ನನಿಗೆ ಅರ್ಥವಾಯಿತು. ಯಂತ್ರ ಬಿಗಿತವನ್ನು ಅಳೆಯುತ್ತದೆ. ಅದು ಯಾವ ಕಡೆಯಿಂದ ಎಳೆದದ್ದೆಂದು ಕೇಳುವುದಿಲ್ಲ. ಮುರಿಯಬಾರದೆಂಬ ಭಯವೂ, ಅಂದೇ ಮುರಿಯಬೇಕಿತ್ತೆಂಬ ಪಶ್ಚಾತ್ತಾಪವೂ ಅದಕ್ಕೆ ಒಂದೇ. ಒಬ್ಬ ಮಗನ ನಾಚಿಕೆ ನಲವತ್ತು ವರ್ಷ ಒಂದಿಡೀ ಸಮುದಾಯದ ಶ್ರದ್ಧೆಯಾಗಿ ಕಡತದಲ್ಲಿ ಕೂತಿತ್ತು. ವಯಸ್ಸಾದಂತೆ ಪಶ್ಚಾತ್ತಾಪ ಬೆಳೆದಿತ್ತು, ಅಂಕವೂ ಬೆಳೆದಿತ್ತು.

ಅವನು ಓಡಿದ್ದು ಮೇಲಧಿಕಾರಿ ಓಕೋಯೆ ಮೇಡಂ ಕೋಣೆಗೆ. ಆಕೆ ಪೂರ್ತಿ ಕೇಳಿದರು. ಕೇಳುವುದರಲ್ಲಿ ಆಕೆಗೆ ಹೆಸರಿದೆ.

“ನೀವು ಹೇಳೋದು ನಿಜ ಇರಬಹುದು,” ಎಂದರು. “ಆದರೆ ಅಂಕಿಗೆ ಅರ್ಥ ಹೇಳೋಕೆ ಶುರುಮಾಡಿದರೆ ಅರ್ಥ ಹೇಳುವವರು ಯಾರು? ಹನ್ನೊಂದು ವರ್ಷದ ಹಿಂದೆ, ಮನೆ ಬಿಟ್ಟು ಬಂದ ನಮ್ಮದೇ ಸಮುದಾಯದ ಹುಡುಗಿಯೊಬ್ಬಳ ಪ್ರಕರಣದಲ್ಲಿ ನಾನು ಅದಕ್ಕೆ ಒಪ್ಪಿದ್ದೆ. ನಾಲ್ಕು ಜನ ಗಂಡಸರು ಬಂದರು, ಬಹಳ ಚೆನ್ನಾಗಿ ಅರ್ಥ ಹೇಳಿದರು. ಆ ಹುಡುಗಿಯನ್ನು ಮನೆಗೆ ವಾಪಸು ಕಳಿಸಿದೆ. ಆಮೇಲೆ ಅವಳನ್ನು ಹೊರಗೆ ತಂದದ್ದು ಸ್ಟ್ರೆಚರಿನಲ್ಲಿ.” ಆಕೆ ಕನ್ನಡಕ ತೆಗೆದು ಒರೆಸಿದರು. “ಅವತ್ತಿನಿಂದ ನನಗೆ ಅಂಕಿ ಸಾಕು.”

ಪ್ರದ್ಯುಮ್ನ ಮೆಟ್ಟಿಲಿಳಿದು ತನ್ನ ಕುರ್ಚಿಗೆ ಬಂದು ಒಂಬತ್ತು ಪಾಯಿಂಟ್ ಎಂಟನ್ನು ದಾಖಲೆಗೆ ಏರಿಸಿದ.

*

“ಹೋಗ್ಲಿ ಬಿಡಿ ಮಾವ,” ಎಂದಳು ಹರಿಣಾಕ್ಷಿ, ಅಂಕವನ್ನೂ ಅವ್ವನ ಕತೆಯನ್ನೂ ಮಾವನ ಬಾಯಿಂದಲೇ ಕೇಳಿದ ಮೇಲೆ. “ಕ್ರಿಸ್ಟಲ್ ಬೇಲಿರೋ ನಮ್ಮ ಚಿಕ್ಕಪ್ಪನಿಗೆ ಹೇಳ್ತೀನಿ, ಗಂಡ ಹೆಂಡ್ತಿ ಎರೀಲಿ. ನಾನು ಪಕ್ಕದಲ್ಲಿ ನಿಂತಿರ್ತೀನಿ.”

“ಪಕ್ಕದಲ್ಲೂ ನಿಲ್ಲೋ ಹಾಗಿಲ್ಲ ಅಮ್ಮ,” ಎಂದಳು ಇಂಚರ, ಫೋನಿನಲ್ಲಿ ನಿಯಮ ಓದುತ್ತ. “ಮೂರು ಮೀಟರ್ ಹಿಂದೆ. ಸಂಪ್ರದಾಯದ ಪ್ರಕಾರ ಅಂತ ಬರ್ದಿದ್ದಾರೆ. ನಮ್ಮ ಸಂಪ್ರದಾಯ ಯಾವಾಗ ಮೀಟರಲ್ಲಿ ಅಳೀತಿತ್ತೋ.” ಫೋನು ಮಗುಚಿದಳು. “ನಾನು ಚಿರಂತ್ ಹತ್ರ ಮಾತಾಡ್ದೆ. ಇಬ್ರೂ ಸಮುದಾಯದಿಂದ ಹೆಸರು ತೆಗೆಸಿಬಿಡ್ತೀವಿ. ಸಾಮಾನ್ಯ ನಾಗರಿಕರ ಮದುವೇಲಿ ಯಾರು ಎಲ್ಲಿ ಬೇಕಾದ್ರೂ ನಿಂತ್ಕೋಬಹುದು.”

“ಅಲ್ಲಿ ಧಾರೆ ಇರತ್ತಾ?”

ಇಂಚರ ಇಲ್ಲವೆಂದು ತಲೆಯಾಡಿಸಿದಳು. ಸಾಮಾನ್ಯ ಮದುವೆಯೆಂದರೆ ಎರಡು ಸಹಿ, ಒಂದು ಗಿಡ ನೆಡುವುದು.

“ಮತ್ತೆ ನಾನು ನಿಂತ್ಕೊಂಡು ಏನು ಮಾಡ್ಲಿ? ಗಿಡಕ್ಕೆ ನೀರು ಹಾಕ್ಲಾ?” ಎಂದಳು ಹರಿಣಾಕ್ಷಿ. ಮಗಳ ತಲೆ ಸವರಿದಳು. “ಬೇಡ. ನೀನು ಮಂಟಪದಲ್ಲೇ ಆಗು. ಮೂರು ಮೀಟರ್ ತಾನೆ, ಕನ್ನಡಕ ಹಾಕ್ಕೊಂಡ್ರೆ ಕಾಣತ್ತೆ.”

ಮರುದಿನ ಬೆಳಿಗ್ಗೆ ವಾಕಿಂಗ್ ಹೋಗಿಬರ್ತೀನಿ ಎಂದು ಹೊರಟ ಚೆಲುವರಾಜು ಸಮತೋಲನ ಭವನದ ಟ್ರಾಮು ಹತ್ತಿದರು.

ಔರೇನಿಯದಲ್ಲಿ ದೂರು ಕೊಡಲು ಎರಡು ವಾರ ಹಿಡಿಯುತ್ತದೆ, ತಪ್ಪೊಪ್ಪಿಗೆಗೆ ನಾಲ್ಕು ನಿಮಿಷ. ಭವನದ ಬಾಗಿಲಲ್ಲೇ ಅದಕ್ಕೊಂದು ಯಂತ್ರವಿದೆ. ‘ನನ್ನ ಸೊಸೆ ಧಾರೆ ಎರೆಯದ ಹಾಗೆ ತಡೆದವನು ನಾನು. ಒತ್ತಾಯ ಮಾಡಿದ್ದೇನೆ. ಇನ್ಯಾರದೂ ತಪ್ಪಿಲ್ಲ’ ಎಂದು ಹೇಳಿ ಹೆಬ್ಬೆಟ್ಟು ಒತ್ತಿದರು. ಕೆಳಗಿದ್ದ ಷರತ್ತುಗಳನ್ನು ಓದಲಿಲ್ಲ. ಇನ್ನೇನು, ಕರೆದು ನಾಲ್ಕು ಬುದ್ಧಿ ಹೇಳುತ್ತಾರೆ, ದಂಡ ಹಾಕುತ್ತಾರೆ, ಹೇಗೂ ಒಳಗೆ ನಮ್ಮ ಅರಸೀಕೆರೆಯವನಿದ್ದಾನೆ, ಅವನಿಗೊಂದು ಮಾತು ಹೇಳಿದರಾಯಿತು ಎಂದುಕೊಂಡರು. ಹಳೆಯ ಊರಿನಲ್ಲಿ ಸರ್ಕಾರದ ಜೊತೆ ಹೀಗೆ ಬದುಕಿ ರೂಢಿಯಾದವರು.

ಅವರು ಮನೆ ತಲಪುವ ಮೊದಲೇ ಆಜ್ಞೆ ತಲಪಿತ್ತು. ತಂದವನು ಪ್ರದ್ಯುಮ್ನನೇ, ಜೊತೆಗೆ ಇಬ್ಬರು ಕಾವಲಿನವರು. ಬಾಗಿಲಲ್ಲಿ ನಿಂತು ಓದಿದ. ಹರಿಣಾಕ್ಷಿ ಅವರು ಇಂದಿನಿಂದ ಸಂರಕ್ಷಿತ ವ್ಯಕ್ತಿ. ಅವರ ಧಾರೆಯ ಹಕ್ಕನ್ನು ಸರ್ಕಾರವೇ ನಿಂತು ನೆರವೇರಿಸುತ್ತದೆ. ಒತ್ತಾಯ ಮಾಡಿದವರು ಅವರಿಂದ ನೂರು ಮೀಟರ್ ದೂರವಿರಬೇಕು, ಆಜೀವ ಪರ್ಯಂತ. ವಿಚಾರಣೆ ಮುಗಿಯುವವರೆಗೆ ಕನ್ನಡ ಸಮುದಾಯದ ನಾಲ್ಕಕ್ಕಿಂತ ಹೆಚ್ಚು ಜನ ಒಂದೆಡೆ ಸೇರುವಂತಿಲ್ಲ.

ಅಷ್ಟರಲ್ಲಿ ಚೆಲುವರಾಜು ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಕೊತ್ತಂಬರಿ ಸೊಪ್ಪಿತ್ತು. ಪ್ರದ್ಯುಮ್ನ ಆಜ್ಞೆಯನ್ನು ಅವರಿಗೂ ಓದಿ ಹೇಳಿದ.

“ಏನು ಮಾಡಿದ್ರಿ ಮಾವ?” ಎಂದಳು ಹರಿಣಾಕ್ಷಿ.

“ನೀನು ಎರೀಬೋದಂತಲ್ಲವ್ವ. ಬರ್ದವ್ರಲ್ಲ.”

“ನನ್ನ ಒಂದು ಮಾತು ಕೇಳಿದ್ರಾ?”

“ಕೇಳಿದ್ರೆ ನೀನು ಬ್ಯಾಡ ಅಂತಿದ್ದೆ.”

“ಹೌದು, ಅಂತಿದ್ದೆ.” ಅವಳ ದನಿ ಏರಲಿಲ್ಲ, ಶೀತಲಗೃಹದಲ್ಲಿ ಮೂವತ್ತು ಜನರನ್ನು ನಡೆಸುವವಳ ದನಿ ಏರುವುದಿಲ್ಲ. “ಅವತ್ತು ನಿಮ್ಮಮ್ಮನ್ನ ಕೇಳದೆ ಹಿಂದಕ್ಕೆ ಕಳಿಸಿದ್ರಿ. ಇವತ್ತು ನನ್ನ ಕೇಳದೆ ಮುಂದಕ್ಕೆ ತಳ್ಳಿದ್ರಿ. ನಮ್ಮನ್ನ ಎಲ್ಲಿ ನಿಲ್ಲಿಸ್ಬೇಕು ಅನ್ನೋದು ಮಾತ್ರ ಯಾವಾಗ್ಲೂ ನಿಮಗೇ ಗೊತ್ತಿರತ್ತೆ, ಅಲ್ವಾ?”

ಚೆಲುವರಾಜು ಕೊತ್ತಂಬರಿಯ ಕಟ್ಟನ್ನು ನೋಡಿಕೊಂಡರು. ಆಮೇಲೆ ಪ್ರದ್ಯುಮ್ನನ ಕಡೆ ತಿರುಗಿದರು. “ವಾಪಸ್ ತಗಳಕ್ಕಾಯ್ತದಾ ಮರಿ?”

“ಒತ್ತಾಯ ಮಾಡಿದವರು ತಪ್ಪೊಪ್ಪಿಗೆ ವಾಪಸ್ ತಗೊಂಡ್ರೆ ಅದನ್ನೂ ಒತ್ತಾಯ ಅಂತ್ಲೇ ಬರ್ಕೋತಾರೆ ತಾತ.”

“ನಾನು ಎರೆಯಲ್ಲ ಅಂದ್ರೆ?” ಎಂದಳು ಹರಿಣಾಕ್ಷಿ.

“ನಿಮ್ಮ ಮೇಲೆ ಇನ್ನೂ ಒತ್ತಡ ಇದೆ ಅಂತ ಅರ್ಥ ಅಮ್ಮ. ವಿಚಾರಣೆ ಮುಂದುವರಿಯತ್ತೆ. ನೀವು ಎರೆಯೋವರೆಗೂ.”

ಕಾವಲಿನವರು ಮುದುಕರ ಬಟ್ಟೆ, ಮಾತ್ರೆ, ಕನ್ನಡಕ ಒಂದು ಚೀಲಕ್ಕೆ ತುಂಬಿದರು. ಬಹಳ ಮರ್ಯಾದೆಯಿಂದ ತುಂಬಿದರು. ಅವರಲ್ಲೊಬ್ಬ ಮಾತ್ರೆಯ ಹೊತ್ತನ್ನು ಹರಿಣಾಕ್ಷಿಯ ಬಳಿ ಕೇಳಿ ಬರೆದುಕೊಂಡ.

*

ಮದುವೆಯ ಮಂಟಪ ಇನ್ನೂರು ಜನರದ್ದು. ಒಳಗೆ ನಾಲ್ವರಿದ್ದರು: ಇಂಚರ, ಚಿರಂತ್, ಹರಿಣಾಕ್ಷಿ, ಪುರೋಹಿತರು. ಚಿರಂತನ ತಂದೆತಾಯಿ ಎದುರಿನ ಔಷಧದಂಗಡಿಯ ಕಿಟಕಿಯಿಂದ ನೋಡುತ್ತಿದ್ದರು. ಅಲ್ಲಿ ಅವರಿಬ್ಬರೇ, ಹಾಗಾಗಿ ನಿಯಮ ಮುರಿದಂತಾಗಲಿಲ್ಲ. ಉಳಿದ ಬೀಗರು ನಾಲ್ವರು ನಾಲ್ವರಾಗಿ ಬೇರೆ ಬೇರೆ ಬೀದಿಯಲ್ಲಿ ರೇಷ್ಮೆ ಉಟ್ಟು ಅಡ್ಡಾಡುತ್ತಿದ್ದರು. ಪ್ರದ್ಯುಮ್ನ ಒಳಗಿದ್ದ, ಆದರೆ ಕೆಲಸದ ಮೇಲಿರುವಾಗ ಅವನು ಕನ್ನಡಿಗನಲ್ಲವೆಂದು ನಿಯಮವಿದೆ.

ಮುಹೂರ್ತ ಹನ್ನೊಂದೂ ಇಪ್ಪತ್ತಕ್ಕೆ. ಪುರೋಹಿತರು ಅಭ್ಯಾಸಬಲದಿಂದ ಗಟ್ಟಿಯಾಗಿಯೇ ಮಂತ್ರ ಹೇಳಿದರು. ಖಾಲಿ ಕುರ್ಚಿಗಳ ಮೇಲೆ ಅದು ಒಂದು ಸುತ್ತು ಹೋಗಿ ವಾಪಸು ಬಂತು. ಹರಿಣಾಕ್ಷಿ ಎದ್ದಳು. ಎಡಬಲಕ್ಕೆ ಕಾವಲಿನವರು ಎದ್ದರು. ಯಾರಾದರೂ ಅಡ್ಡ ಬಂದಾರೆಂದು ಅವರು ಸುತ್ತ ನೋಡಿದರು. ಅಡ್ಡ ಬರಲಿಕ್ಕೆ ಅಲ್ಲಿ ಯಾರಿದ್ದರು?

ಅವಳು ಎರೆದಳು. ಹಾಲು ತೆಂಗಿನಕಾಯಿಯ ಮೇಲಿಂದ ಇಂಚರಳ ಬೆರಳಿಗೆ, ಬೆರಳಿಂದ ತಟ್ಟೆಗೆ ಇಳಿಯುವ ಸದ್ದು ಕೇಳಿಸಿತು. ಮದುವೆಮನೆಯಲ್ಲಿ ಆ ಸದ್ದು ಯಾರಿಗೂ ಕೇಳಿಸುವುದಿಲ್ಲ. ಅಷ್ಟು ಗಲಾಟೆ ಇರುತ್ತದೆ. “ಅಮ್ಮ, ಸಾಕು,” ಎಂದಳು ಇಂಚರ ಮೆಲ್ಲಗೆ. ಚೊಂಬು ಆಗಲೇ ಬರಿದಾಗಿತ್ತು.

ಪ್ರದ್ಯುಮ್ನ ‘ಹಕ್ಕು ನೆರವೇರಿದೆ’ ಎಂದು ಗುರುತು ಹಾಕಿ ಹೊರಗೆ ಬಂದ. ರಸ್ತೆಯ ಆ ತುದಿಯಲ್ಲಿ, ನೂರು ಮೀಟರಿಗೆ ಎಳೆದ ಹಳದಿ ಗೆರೆಯ ಆಚೆ, ಚೆಲುವರಾಜು ರೇಷ್ಮೆ ಪಂಚೆ ಉಟ್ಟು ಪಾದಚಾರಿ ಕಟ್ಟೆಯ ಮೇಲೆ ಕೂತಿದ್ದರು. ಒತ್ತಾಯ ಮಾಡಿದವರು ಸಂರಕ್ಷಿತರಿಗೆ ದಿನಕ್ಕೆ ಒಂದು ಮಾತನ್ನು ಅಧಿಕಾರಿಯ ಮೂಲಕ ತಿಳಿಸಬಹುದು. ಸಂರಕ್ಷಿತರು ಅದಕ್ಕೊಂದು ಉತ್ತರ ಕೊಡಬಹುದು.

“ಏನು ಹೇಳ್ಬೇಕು ತಾತ?”

ಮುದುಕರು ರೇಷ್ಮೆ ಪಂಚೆಯ ಅಂಚು ಸರಿಮಾಡಿಕೊಂಡರು. “ಊಟ ಆಯ್ತಾ ಅಂತ ಕೇಳು,” ಎಂದರು.

ಪ್ರದ್ಯುಮ್ನ ನೂರು ಮೀಟರ್ ನಡೆದು ಬಂದು ಕೇಳಿದ. ಹರಿಣಾಕ್ಷಿ ಖಾಲಿ ಪಂತಿಯ ತುದಿಯಲ್ಲಿ, ಹಾಸಿದ ಎಲೆಯ ಮುಂದೆ ಕೂತಿದ್ದಳು. ಅವಳು ತಲೆ ಎತ್ತಿದಳು.

“ಇಪ್ಪತ್ತೆರಡು ವರ್ಷ ಆಯ್ತು ನಾನು ಆ ಮನೆಗೆ ಬಂದು,” ಎಂದಳು. “ದಿನಾ ಅವರು ಉಂಡಾದ ಮೇಲೆ ನಾನು ಉಣ್ತಿದ್ದೆ. ಒಂದು ದಿನಾನೂ ಕೇಳಿಲ್ಲ.” ಎಲೆಯ ತುದಿಯನ್ನು ಉಗುರಿನಿಂದ ಸೀಳಿದಳು. “ಇನ್ನೂ ಇಲ್ಲ ಅಂತ ಹೇಳಿ. ಬನ್ನಿ, ಬಡಿಸ್ತೀನಿ ಅಂತ ಹೇಳಿ.”

“ಮೊದಲನೇದು ಹೇಳ್ಬಹುದು ಅಮ್ಮ. ಕರೆಯೋದನ್ನ ತಿಳಿಸೋ ಹಾಗಿಲ್ಲ. ಅದು ಒತ್ತಡದಲ್ಲಿ ಹೇಳಿದ್ದು ಅಂತಾರೆ.”

ಅವನು ಮತ್ತೆ ನೂರು ಮೀಟರ್ ನಡೆದ. ಬಿಸಿಲಿತ್ತು. ಅವನಾಡುವ ಪ್ರತಿ ಮಾತನ್ನೂ ಭವನಕ್ಕೆ ಕಳಿಸುವ, ಎದೆಯ ಮೇಲಿನ ಕ್ಯಾಮೆರಾದ ದೀಪ ಮಿನುಗುತ್ತಿತ್ತು.

“ಇನ್ನೂ ಇಲ್ಲವಂತೆ ತಾತ.”

ಕಾವಲಿನವನು ಆಗಲೇ ಒಂದು ಊಟದ ಡಬ್ಬಿ ತಂದು ಮುದುಕರ ಪಕ್ಕ ಇಟ್ಟಿದ್ದ. ಚೆಲುವರಾಜು ಅದರ ಮುಚ್ಚಳ ತೆಗೆದಿದ್ದವರು ಮತ್ತೆ ಮುಚ್ಚಿದರು.

“ಅವ್ಳು ಉಣ್ಣಲಿ. ಅವ್ಳು ಉಂಡ ಮ್ಯಾಲೆ ನಾನು ಉಣ್ತೀನಿ ಅಂತ ಹೇಳು ಹೋಗು.”

“ದಿನಕ್ಕೆ ಒಂದೇ ಮಾತು ತಾತ. ಇದನ್ನ ನಾಳೆ ಹೇಳ್ತೀನಿ.”

ಮುದುಕರು ಮಂಟಪದ ಬಾಗಿಲನ್ನೇ ನೋಡುತ್ತ ತಲೆಯಾಡಿಸಿದರು.

“ನಾಳೇನೇ ಹೇಳು ಮತ್ತೆ,” ಎಂದರು, ಡಬ್ಬಿಯನ್ನು ಮೊಣಕಾಲ ಮೇಲಿಟ್ಟುಕೊಂಡು.